ಮಾವನ ಊರುಗೋಲು

ಅಳಿಯನ ಗ್ಯಾರೇಜಿನಲ್ಲಿದ್ದ ಕಂಪ್ಯೂಟರ್ ಯಂತ್ರ ಬೀಟೆಯ ತುಂಡೊಂದನ್ನು ಮೆಲ್ಲಗೆ ತಿರುಗಿಸುತ್ತಾ ಕೆತ್ತುತ್ತಿತ್ತು. ಬಡಗಿ ಕೆಲಸದಲ್ಲೇ ಕೂದಲು ಬೆಳ್ಳಗಾಗಿದ್ದ ಮಾವ ಮೂಗು ಮುರಿದರು.

"ತಿರುಗಿಸೋಕೊಂದು ಮೋಟಾರು, ಕೆತ್ತೋಕೊಂದು ಮೋಟಾರು. ನಿಮಗೇನು ಕೆಲಸ ಅಳಿಯಂದ್ರೇ, ನೊಣ ಹೊಡೆಯೋದಾ?"

"ಅಳತೆ ಕೊಡೋದು ನಾನೇ ಮಾವ."

"ಅಳತೆ ದರ್ಜಿನೂ ತಗೊಳ್ತಾನೆ." ಮಾವ ತಮ್ಮ ಊರುಗೋಲನ್ನು ಯಂತ್ರದ ಮೂತಿಗೆ ಹಿಡಿದರು. "ಈ ಬಳ್ಳಿ ನೋಡಿ. ಬುಡದಿಂದ ತುದಿವರೆಗೂ ಏಳು ಸುತ್ತು. ಮೂವತ್ತು ವರ್ಷದ ಹಿಂದೆ ಬರೀ ಉಳಿಯಲ್ಲಿ ಕೆತ್ತಿದ್ದು. ಮುಟ್ಟಿದ್ರೆ ಸಾಕು, ಕೈಕೆಲಸ ಅಂತ ಗೊತ್ತಾಗುತ್ತೆ. ನಿಮ್ಮ ಡಬ್ಬ ಏಳು ಜನ್ಮ ಎತ್ತಿದ್ರೂ ಇಂಥದ್ದು ಮಾಡಲ್ಲ."

"ಮಾಡಲ್ಲ ಮಾವ," ಎನ್ನುತ್ತಾ ಅಳಿಯ, ಹೋದ ತಿಂಗಳು ಮಾವ ಆಸ್ಪತ್ರೆಯಲ್ಲಿದ್ದಾಗ ತನ್ನ ಕಾರಿನಡಿ ಸಿಕ್ಕಿ ಮುರಿದಿದ್ದ ಅಸಲಿ ಊರುಗೋಲಿನ ತುಂಡುಗಳನ್ನು ಕಾಲಿನಿಂದಲೇ ಮೇಜಿನಡಿಗೆ ತಳ್ಳಿದ.