ಸುಳ್ಳಿಗೆ ಉಳಿಗಾಲವಿಲ್ಲ

"ಮೇಡಂ, ಅದು ನಾನಲ್ರಿ," ಎನ್ನುತ್ತ ಭಾಗ್ಯಶ್ರೀ ತನ್ನ ಫೋನನ್ನು ಉಮಾದೇವಿಯವರ ಕೈಗಿಟ್ಟಳು. ಅವಳು ಕುರಕುಂಟಾದಲ್ಲಿ ಶಾಲೆಯ ಟೀಚರು. ಯಾರೋ ಅವಳ ಮುಖವನ್ನು ಹೊಲಸು ವಿಡಿಯೊ ಒಂದಕ್ಕೆ ಅಂಟಿಸಿ ಊರಿಗೆಲ್ಲ ಹಂಚಿದ್ದರು. ಅಂದಿನಿಂದ ಅವಳ ತರಗತಿಗೆ ಮಕ್ಕಳೇ ಬರುತ್ತಿರಲಿಲ್ಲ.

ಉಮಾದೇವಿ ಸೇಡಂ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರು. ಇಂಟರ್ನೆಟ್ ಹೊಸತಾಗಿದ್ದ ಆ ದಿನಗಳಲ್ಲಿ ತಜ್ಞರ ಲೇಖನಗಳನ್ನು ಓದಿ ಬಂದು, "ಇನ್ನ ಸುಳ್ಳಿಗಿ ಉಳಿಗಾಲ ಇಲ್ಲ. ನಿಜ ಏನಂತ ಯಾರು ಬೇಕಾದ್ರೂ ಕುಂತಲ್ಲೇ ನೋಡಬಹುದು," ಎಂದು ಹುಡುಗಿಯರಿಗೆ ಭಾಳ ಹುರುಪಿನಿಂದ ಹೇಳಿದ್ದರು.

"ನಿಜ ಏನಂತ ನೀನೂ ಬರದು ಹಾಕವ್ವ," ಎಂದರು ಈಗ.

"ಹಾಕೀನ್ರಿ. ಇದನ್ನ ಊರೆಲ್ಲ ನೋಡ್ತು, ಅದನ್ನ ಯಾರೂ ಓದಲಿಲ್ರಿ. ನೀವಾದ್ರೂ ನಂಬ್ತೀರಿ ಅಂತ ಬಂದೀನಿ."

"ನಂಬದೇ ಏನವ್ವ!" ಎಂದರು ಉಮಾದೇವಿ. ಹಾಗೆನ್ನುತ್ತಿರುವಾಗಲೇ ಅವರ ಕಣ್ಣು ಪರದೆಯಿಂದ ಎದ್ದು, ಭಾಗ್ಯಶ್ರೀಯ ಗಲ್ಲದ ಮಚ್ಚೆಯ ಮೇಲೆ ನಿಂತು, ಮತ್ತೆ ಪರದೆಗೆ ಇಳಿಯಿತು. ಬೇಡವೆಂದರೂ ಹೋಲಿಸಿ ನೋಡಿಬಿಟ್ಟಿದ್ದರು. ತಲೆಯೆತ್ತಿದಾಗ ಭಾಗ್ಯಶ್ರೀ ಅವರನ್ನೇ ನೋಡುತ್ತಿದ್ದಳು. ಅವಳು ಕೈ ಚಾಚಿ ಫೋನನ್ನು ತೆಗೆದುಕೊಂಡಳು.