ನಕ್ಷೆಯಲ್ಲಿದ್ದ ರಸ್ತೆ

ರಾತ್ರಿ ಬೆಟ್ಟಸಾಲಿನ ಮೇಲೆ ಪುಟ್ಟ ವಿಮಾನದ ಎಂಜಿನ್ ಕೆಟ್ಟು ನಿಂತಾಗ ಪೈಲಟ್ ನಾಣಯ್ಯ ಧೈರ್ಯಗೆಡಲಿಲ್ಲ. ಸರ್ಕಾರಿ ನಕ್ಷೆಯ ಪ್ರಕಾರ ಅಲ್ಲೇ ಕೆಳಗೆ ಎರಡು ಮೈಲಿ ನೇರವಾದ ಡಾಂಬರು ರಸ್ತೆಯಿತ್ತು. ಅದನ್ನೇ ನಂಬಿ ಇಳಿಸಿದ. ವಿಮಾನ ಲಂಟಾನ ಪೊದೆಗಳನ್ನು ಸೀಳಿಕೊಂಡು ಹೋಗಿ, ರೆಕ್ಕೆ ಮುರಿದುಕೊಂಡು, ಯಾವುದೋ ಕಲ್ಲಿಗೆ ಮೂತಿ ಗುದ್ದಿ ನಿಂತಿತು. ಪುಣ್ಯಕ್ಕೆ ಅವನಿಗೂ, ಜೊತೆಗಿದ್ದ ಆ ಕ್ಷೇತ್ರದ ಶಾಸಕರಿಗೂ ತರಚುಗಾಯವಷ್ಟೇ.

"ಏನಯ್ಯಾ, ಪೊದೆಗೂ ರಸ್ತೆಗೂ ವ್ಯತ್ಯಾಸ ಗೊತ್ತಾಗಲ್ವಾ ನಿನಗೆ?" ಹಿಂದಿನ ಸೀಟಿನಿಂದ ಶಾಸಕರು ಗದರಿದರು.

"ನಕ್ಷೆಯಲ್ಲಿ ರಸ್ತೆ ಇತ್ತು ಸಾರ್."

"ಹಾಗಾದ್ರೆ ಆ ನಕ್ಷೆ ಬರೆದವನನ್ನ ನಾಳೆನೇ ಒಳಗೆ ಹಾಕಿಸ್ತೀನಿ."

ನಾಣಯ್ಯ ಕೆಳಗಿಳಿದು ಕಲ್ಲಿನ ಮೇಲೆ ಟಾರ್ಚ್ ಬಿಟ್ಟು ನೋಡಿದ. 'ನೂತನ ರಸ್ತೆಯ ಉದ್ಘಾಟನೆ' ಎಂದು ಕೆತ್ತಿತ್ತು. ಉದ್ಘಾಟಿಸಿದವರ ಹೆಸರನ್ನು ಎರಡು ಸಲ ಓದಿಕೊಂಡು, ಟಾರ್ಚನ್ನು ಮೆಲ್ಲಗೆ ಶಾಸಕರ ಮುಖಕ್ಕೆ ತಿರುಗಿಸಿದ.