ನಿಲ್ಲಿಸುವ ಗುಂಡಿ

ಸಂಜೆ ಹೊತ್ತು ಜೊತೆಗೆ ಕೂರಲು ಆಕೆಗೆ ಯಾರೂ ಇರಲಿಲ್ಲ. ಗಂಡನ ಕೈ ನೆಟ್ಟಗಾದದ್ದೇ ಅದಕ್ಕೆ ಕಾರಣ.

ಕೈ ನಡುಗುತ್ತಿದ್ದ ವರ್ಷಗಳಲ್ಲಿ ಆತ ಮನೆ ಬಿಟ್ಟು ಕದಲಿದವನಲ್ಲ. ಆಕೆಯೇ ತಿನ್ನಿಸಬೇಕು, ಆಕೆಯೇ ಗಡ್ಡ ಹೆರೆಯಬೇಕು. ಎರಡು ತುತ್ತಿನ ನಡುವೆ ಆತನದು ಕೇರಂ ಕ್ಲಬ್ಬಿನ ಮಾತೇ.

"ಈ ಕೈಯೊಂದು ಸರಿಯಿದ್ದಿದ್ರೆ ಅಲ್ಲಿ ನನ್ನ ಮುಂದೆ ಯಾರು ನಿಲ್ತಿದ್ರು ಹೇಳು."

ಆಡಲಾಗದವನ ಜೊತೆ ವಾದಕ್ಕಿಳಿಯುವವರು ಯಾರು? ನೋಡಲು ಬಂದ ಕ್ಲಬ್ಬಿನವರೂ ಹೌದೆಂದು ತಲೆಯಾಡಿಸುತ್ತಿದ್ದರು.

ಆಮೇಲೆ ಸಂಶೋಧಕರು ಆತನ ಮಿದುಳಿನೊಳಗೆ ತೆಳ್ಳನೆಯ ತಂತಿ ಇಳಿಸಿದರು. ನಡುಕ ಏಳುವ ಸುಳಿವು ತಂತಿಗೆ ಮೊದಲೇ ಸಿಗುತ್ತದೆ. ಎದೆಯ ಚರ್ಮದಡಿಯ ಯಂತ್ರ ಅದನ್ನು ಅಲ್ಲೇ ಅಡಗಿಸುತ್ತದೆ. ಮನೆಗೆ ಕಳಿಸುವಾಗ ಎಂಜಿನಿಯರ್ ಹುಡುಗಿ ಗಂಡನ ಎದುರಿಗೇ ಆಕೆಯ ಕೈಗೊಂದು ರಿಮೋಟ್ ಇಟ್ಟಳು.

"ಏನಾದ್ರೂ ಹೆಚ್ಚುಕಮ್ಮಿಯಾದ್ರೆ ಈ ಗುಂಡಿ ಒತ್ತಿ. ಯಂತ್ರ ನಿಲ್ಲುತ್ತೆ."

ಮುಂದಿನ ವಾರದಿಂದಲೇ ಆತ ಸಂಜೆಯಾದರೆ ಕ್ಲಬ್ಬಿಗೆ. ಬರುವಾಗ ಮುಖ ಗಂಟು, ತುಟಿಗೆ ಬೀಗ. ತನ್ನ ಕೈಯಾರೆ ಉಂಡು, ಗೋಡೆ ಕಡೆ ತಿರುಗಿ ಮಲಗುವನು. ವಾಸಿಯಾದ ಗಂಡನಿಗೆ ತಾನು ಬೇಡವಾದೆ ಎಂದು ಆಕೆ ತೀರ್ಮಾನಿಸಿದಳು.

ಒಂದು ಸಂಜೆ ಆತ ಚಪ್ಪಲಿ ಮೆಟ್ಟುತ್ತಿದ್ದಾಗ ಅಡುಗೆಮನೆಯಲ್ಲಿ ನಿಂತು ಗುಂಡಿ ಒತ್ತಿದಳು. ಟಿಕ್ ಎಂದಿತು. ಸದ್ದು ಬಾಗಿಲವರೆಗೂ ಕೇಳುವಷ್ಟಿತ್ತು. ಆಕೆ ರಿಮೋಟನ್ನು ಸೆರಗಿನಡಿ ಮುಚ್ಚಿದಳು.

"ಲೇ, ಬಾ ಇಲ್ಲಿ. ಕೈ ಮತ್ತೆ ನಡುಗೋಕೆ ಶುರುವಾಯ್ತು ನೋಡು."

"ಹಾಗಿದ್ರೆ ಇವತ್ತು ಕ್ಲಬ್ಬು ಬೇಡ ಬಿಡಿ."

"ಇನ್ನೇನು ಮಾಡೋದು. ನನ್ನ ಹಣೆಬರಹ."

ಅಂದಿನಿಂದ ದಿನಾ ಸಂಜೆ ಟಿಕ್, ದಿನಾ ನಡುಕ. ಚಮಚ ಆಕೆಯ ಕೈಗೆ ಬಂತು, ಮಾತು ಆತನ ಬಾಯಿಗೆ ಬಂತು. ಗಂಡನಿಗೆ ಮೋಸ ಮಾಡುತ್ತಿದ್ದೇನೆಂದು ಒಳಗೊಳಗೇ ಚುಚ್ಚುತ್ತಿತ್ತು. ಆದರೂ ಊಟ ರುಚಿಸುತ್ತಿತ್ತು.

ತಪಾಸಣೆಯ ದಿನ ಕ್ಲಬ್ಬಿನ ಕಾರ್ಯದರ್ಶಿ ಇಬ್ಬರನ್ನೂ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆತಂದ. ಗಂಡ ಪರೀಕ್ಷೆಯ ಕೋಣೆಗೆ ಹೋದ. ಪಕ್ಕದ ಕೋಣೆಯಲ್ಲಿ ಎಂಜಿನಿಯರ್ ಹುಡುಗಿ ಪರದೆ ನೋಡುತ್ತಿದ್ದಳು. ಇನ್ನು ಸಿಕ್ಕಿಬಿದ್ದಂತೆಯೇ ಎಂದು ಆಕೆ ಕುರ್ಚಿಯ ತುದಿಯಲ್ಲಿ ಕೂತಳು.

"ಯಂತ್ರ ಹಾಕಿದಾಗಿನಿಂದ ಒಂದು ನಿಮಿಷವೂ ನಿಂತಿಲ್ಲ," ಎಂದಳು ಹುಡುಗಿ. "ನಡುಕ ಪೂರ್ತಿ ಹೋಗಿದೆ."

"ನಿಂತಿಲ್ವಾ? ಮತ್ತೆ ಆ ರಿಮೋಟು?"

"ಅದಾ? ಪ್ರಯೋಗ ಮುಗಿಯೋವರೆಗೂ ಅದನ್ನ ಯಂತ್ರಕ್ಕೆ ಜೋಡಿಸೋದೇ ಇಲ್ಲ ಅಮ್ಮಾ. ಮನೆಯವರು ಸುಮ್ ಸುಮ್ನೆ ಒತ್ತಿ ನಮ್ಮ ಕೆಲಸ ಕೆಡಿಸ್ತಾರೆ. ಧೈರ್ಯಕ್ಕಿರಲಿ ಅಂತ ಕೊಟ್ಟಿರ್ತೀವಿ. ಒತ್ತಿದ್ರೆ ಟಿಕ್ ಅನ್ನುತ್ತೆ, ಅಷ್ಟೇ."

ಆಕೆ ಹೊರಗೆ ಬಂದು ಕಾರ್ಯದರ್ಶಿಯ ಪಕ್ಕ ಕೂತು ಕೇಳಿದಳು: "ಕೈ ವಾಸಿಯಾದ ಮೇಲೆ ಇವರು ಕ್ಲಬ್ಬಲ್ಲಿ ಹೇಗೆ ಆಡ್ತಿದ್ರು?"

ಕಾರ್ಯದರ್ಶಿ ಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಅವನ ಮುಂದೆ ಅನ್ಬೇಡಿ ಅತ್ತಿಗೆ. ಆಡಿದ್ದು ಒಂಬತ್ತು ಆಟ. ಒಂಬತ್ತೂ ಸೋತ."